ದಾಲ್‌ಮಂಡಿಯ ತಟ್ಟೆ, ಮಗ್ಗದ ಗಡಿಯಾರ

ಕಾಶಿಗೆ ಹೋಗಿಬಂದ ಕನ್ನಡಿಗರು ಬರೆಯುವ ತಿಂಡಿಗಳ ಪಟ್ಟಿ ಬದಲಾಗುವುದೇ ಇಲ್ಲ. ಬೆಳಿಗ್ಗೆ ಕಚೌರಿ, ಜಲೇಬಿ; ಚಳಿಗಾಲವಾದರೆ ನೊರೆನೊರೆಯಾದ ಮಲಯ್ಯೋ; ಮಣ್ಣಿನ ಕುಡಿಕೆಯಲ್ಲಿ ಲಸ್ಸಿ; ಕೊನೆಗೊಂದು ಪಾನ್. ಎಲ್ಲವೂ ರುಚಿಯಾದವೇ, ತಕರಾರಿಲ್ಲ. ಆದರೆ ನಮ್ಮವರು ತಲೆಮಾರುಗಳಿಂದ ಇಳಿದುಕೊಳ್ಳುತ್ತ ಬಂದಿರುವ ಜಂಗಮವಾಡಿ ಮಠದ ರಸ್ತೆಯಲ್ಲೇ ಇನ್ನಷ್ಟು ಮುಂದೆ ನಡೆದರೆ ಮದನಪುರ ಸಿಗುತ್ತದೆ. ಮಗಳ ಮದುವೆಯ ಬನಾರಸಿ ಸೀರೆಗೆ ಅಲ್ಲಿನ ಗದ್ದಿಗಳಲ್ಲಿ ಚೌಕಾಸಿ ಮಾಡುವವರು ಆ ಸೀರೆ ನೇಯ್ದವರು ಏನು ಉಣ್ಣುತ್ತಾರೆಂದು ಕೇಳುವುದಿಲ್ಲ. ಚೌಕ್‌ನಿಂದ ನಯೀ ಸಡಕ್‌ಗೆ ಸೇರುವ ದಾಲ್‌ಮಂಡಿಯ ಓಣಿಯಂತೂ ನಮ್ಮ ಪ್ರವಾಸ ಕಥನಗಳಲ್ಲಿ ಇಲ್ಲವೇ ಇಲ್ಲ. ಈ ವಾರ ಆ ಓಣಿಯ ಕಬಾಬು, ಶೀರ್‌ಮಾಲ್, ನಿಹಾರಿಗಳ ಸರದಿ ಎಂದು ಹಿಂದೆಯೇ ಮಾತು ಕೊಟ್ಟಿದ್ದೆ. ಅದಕ್ಕೆ ಮೊದಲು ಒಂದು ಹಳೆಯ ಜಗಳ ಮುಗಿಸಬೇಕಿದೆ.

ಉತ್ತರ ಭಾರತದ ಮುಸ್ಲಿಂ ಮೊಹಲ್ಲಾಗಳಲ್ಲಿ ಬೇಯುವ ಪ್ರತಿಯೊಂದಕ್ಕೂ ನವಾಬನನ್ನೋ ಬಾದಶಹನನ್ನೋ ಅಪ್ಪನನ್ನಾಗಿ ಮಾಡುವ ಒಂದು ಪಂಥವಿದೆ. ಹೋಟೆಲಿನ ಮೆನು ಬರೆಯುವವರು, ವಿಡಿಯೊ ಮಾಡುವವರು ಎಲ್ಲ ಈ ಪಂಥದವರೇ. ಅವರ ಲೆಕ್ಕದಲ್ಲಿ ಬನಾರಸ್ ಎಂದರೆ ಲಖನೌದ ಬಡ ತಮ್ಮ. ಅವರ ವಾದಕ್ಕೆ ಆಧಾರವಿಲ್ಲ ಎನ್ನಲಾರೆ. 1775ರವರೆಗೆ ಕಾಶಿಯ ರಾಜ ಅವಧ್ ನವಾಬರ ಅಧೀನನಾಗಿದ್ದ. ಆ ವರ್ಷ ಈಸ್ಟ್ ಇಂಡಿಯಾ ಕಂಪನಿ ಬನಾರಸನ್ನು ಕಿತ್ತುಕೊಂಡಿತು. ಅನಂತರ ಮೊಘಲ್ ರಾಜಕುಮಾರ ಜವಾನ್ ಬಖ್ತ್ ಈ ಊರಿಗೆ ಬಂದು 1788ರಲ್ಲಿ ಇಲ್ಲೇ ತೀರಿಕೊಂಡ. ಅವನ ಮನೆತನ ಶಿವಾಲಾದಲ್ಲಿ ನೆಲೆಸಿತು. ಶೀರ್‌ಮಾಲ್, ನಿಹಾರಿಗಳ ಮೂಲ ಲಖನೌ, ದಿಲ್ಲಿಗಳ ಕಡೆಗೇ ಹೋಗುತ್ತದೆ. ಇಷ್ಟನ್ನೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅರಮನೆ ಹೋದ ಮೇಲೂ ತಿಂಡಿ ಓಣಿಯಲ್ಲಿ ಉಳಿಯಬೇಕಾದರೆ ಅದನ್ನು ದಿನಾ ಬಂದು ಕೊಳ್ಳುವವರು ಯಾರು?

ಕೊಳ್ಳುವವರು ನೇಕಾರರು, ಬಣ್ಣ ಹಾಕುವವರು, ಸೀರೆ ಮಡಚುವವರು, ಸಗಟು ಅಂಗಡಿಯ ಹುಡುಗರು. ಬನಾರಸಿ ನೇಯ್ಗೆ ಬಹುಕಾಲ ಮನೆಮಂದಿಯೆಲ್ಲ ಸೇರಿ ಮಾಡುವ ಕಸುಬಾಗಿತ್ತು. ಗಂಡಸು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತರೆ, ಹೆಂಗಸರು ಮನೆಗೆಲಸದ ನಡುವೆಯೇ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅಂಥ ಮನೆಯಲ್ಲಿ ಒಲೆಯ ಮುಂದೆ ಕಳೆಯುವ ಹೊತ್ತು ಮಗ್ಗದಿಂದ ಕಡ ತಂದ ಹೊತ್ತೇ ಸರಿ. ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೆಂದ ಎಮ್ಮೆ ಮಾಂಸದ ನಿಹಾರಿ ಮತ್ತು ಬಿಸಿ ನಾನ್ ಬೆಳಗಿನಲ್ಲೇ ಅಂಗಡಿಯಲ್ಲಿ ಸಿಗುವುದಾದರೆ ಅದು ವಿಲಾಸವಲ್ಲ, ಅನುಕೂಲ. ಅಗ್ಗದ, ಗಟ್ಟಿಯಾದ ತುಂಡನ್ನು ಮೆತ್ತಗಾಗಿಸಲು ದೀರ್ಘ ಬೇಯುವಿಕೆ ಒಳ್ಳೆಯ ದಾರಿ. ನಿಹಾರಿಯ ತಂತ್ರ ಹುಟ್ಟಿದ್ದು ಎಲ್ಲಿಯೇ ಇರಲಿ, ಅದನ್ನು ಈ ಓಣಿಗಳಲ್ಲಿ ಬದುಕಿಸಿದ್ದು ದುಡಿಯುವವರ ವೇಳಾಪಟ್ಟಿ. ನೀತಾ ಕುಮಾರ್ 1988ರಲ್ಲಿ ಪ್ರಕಟಿಸಿದ ‘ದಿ ಆರ್ಟಿಸಾನ್ಸ್ ಆಫ್ ಬನಾರಸ್’ ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಗ್ರಂಥ. ಕುಶಲಕರ್ಮಿಗಳು ಬಿಡುವಿನ ದಿನ ಊರಾಚೆಯ ಬಯಲಿಗೆ ಹೋಗಿ, ಮಿಂದು, ಅಲ್ಲೇ ಅಡುಗೆ ಮಾಡಿ ಉಂಡು ಬರುವ ‘ಬಹರೀ ಅಲಂಗ್’ ಪದ್ಧತಿಯನ್ನು ಅವರು ವಿವರವಾಗಿ ದಾಖಲಿಸಿದ್ದಾರೆ. ಹಿಂದೂ ಕಂಚುಗಾರನಿಗೂ ಮುಸ್ಲಿಂ ನೇಕಾರನಿಗೂ ಆ ಸುಖ ಒಂದೇ. ಇದರಲ್ಲಿ ನವಾಬನ ನೆರಳೆಲ್ಲಿದೆ?

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಾಶಿ ಸಾತ್ವಿಕ ಕ್ಷೇತ್ರ, ಅಲ್ಲಿಗೆ ಹೋಗಿ ಮಾಂಸದಂಗಡಿ ಹುಡುಕುವುದೇಕೆ ಎನ್ನುತ್ತಾರೆ. ವ್ರತದಲ್ಲಿರುವ ಯಾತ್ರಿಕ ಹುಡುಕಬೇಕಾಗಿಲ್ಲ. ಅವನ ನಿಯಮ ಅವನಿಗೆ. ಊರಿನ ರುಚಿಯನ್ನು ಮಡಿ, ಮೈಲಿಗೆಯೆಂದು ಎರಡು ಹೋಳು ಮಾಡಲು ಮಾತ್ರ ಬನಾರಸ್ ಬಿಡುವುದಿಲ್ಲ. ಯತೀಂದ್ರ ಮಿಶ್ರ ಅವರ ‘ನೌಬತ್‌ಖಾನೇ ಮೇಂ ಇಬಾದತ್’ ಎಂಬ ಪ್ರಬಂಧವನ್ನು ಹಿಂದಿ ಓದುವ ಹತ್ತನೇ ತರಗತಿಯ ಅನೇಕ ಮಕ್ಕಳು ಬಲ್ಲರು. ಅದು ಉಸ್ತಾದ್ ಬಿಸ್ಮಿಲ್ಲಾ ಖಾನರ ವ್ಯಕ್ತಿಚಿತ್ರ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರ್ ಕೈಯ ಶಹನಾಯಿಗೆ ಉಸಿರು ಕೊಟ್ಟವರು ಅವರೇ, ಅವರ ಮನೆ ಇದ್ದದ್ದು ದಾಲ್‌ಮಂಡಿಯ ಆಸುಪಾಸಿನ ಹಡಹಾ ಸರಾಯಿಯಲ್ಲಿ. ಬಾಲಾಜಿ ಮಂದಿರಕ್ಕೆ ರಿಯಾಜಿಗೆ ಹೋಗುತ್ತಿದ್ದ ಹುಡುಗ ಬಿಸ್ಮಿಲ್ಲಾ ಗಾಯಕಿಯರಾದ ರಸೂಲನ್ ಬಾಯಿ, ಬತೂಲನ್ ಬಾಯಿಯರ ಮನೆಯ ಹಾದಿಯನ್ನೇ ಹಿಡಿಯುತ್ತಿದ್ದ. ಅವರ ಠುಮ್ರಿ, ಟಪ್ಪಾಗಳಿಂದಲೇ ಅವನಿಗೆ ಸಂಗೀತದ ಹುಚ್ಚು ಹತ್ತಿತು. ಆ ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಕುಲ್ಸುಮ್‌ಳ ಅಂಗಡಿಯದು. ಅವಳು ದೇಸಿ ತುಪ್ಪದಲ್ಲಿ ಕಚೌರಿ ಬಿಟ್ಟಾಗ ಏಳುವ ಸದ್ದಿನಲ್ಲಿ ಉಸ್ತಾದರಿಗೆ ಆರೋಹ, ಅವರೋಹ ಕೇಳಿಸುತ್ತಿತ್ತಂತೆ. ಕಾಶಿಯ ಸಾತ್ವಿಕ ತಿಂಡಿಗಳಿಗೆ ಕಿರೀಟವೆಂದು ನಾವು ಎಣಿಸುವ ಕಚೌರಿಯನ್ನು ಅಲ್ಲಿ ಕರಿದವಳು ಕುಲ್ಸುಮ್.

ಇಂಥ ಓಣಿಗಳಿಗೆ ಆಪತ್ತು ಒಂದೇ ಬಗೆಯಲ್ಲಿ ಬರುವುದಿಲ್ಲ. ಚೀನಾದ ಷಿಯಾನ್‌ನಲ್ಲೂ ಇಂಥದೇ ಪುರಾತನ ಮುಸ್ಲಿಂ ಬಡಾವಣೆಯಿದೆ. ಗಟ್ಟಿ ರೊಟ್ಟಿಯನ್ನು ಉಣ್ಣುವವನೇ ಚೂರುಚೂರಾಗಿ ಮುರಿದು ಕೊಟ್ಟರೆ, ಕುರಿಮಾಂಸದ ಸಾರಿನಲ್ಲಿ ಕುದಿಸಿ ತಂದಿಡುತ್ತಾರೆ. ಬನಾರಸಿನಂತೆ ಅದೂ ರೇಷ್ಮೆಯ ವ್ಯಾಪಾರದಿಂದ ಬೆಳೆದ ಊರು. ಅಲ್ಲಿನ ಮುಖ್ಯ ಬೀದಿ ಇಂದು ಪ್ರವಾಸಿಗರ ನೂಕುನುಗ್ಗಲಿಗೆ ಒಪ್ಪಿಸಿಕೊಂಡಿದೆ. ನಮ್ಮ ಬೆಂಗಳೂರಿನ ಮಾಸ್ಕ್ ರೋಡ್ ರಂಜಾನ್ ತಿಂಗಳಲ್ಲಿ ಹೀಗೇ ಜಾತ್ರೆಯಾದದ್ದುಂಟು. ಆಗ ಉಪವಾಸ ಬಿಡುವವನಿಗೇ ನಿಲ್ಲಲು ಜಾಗವಿರುತ್ತಿರಲಿಲ್ಲ. ದಾಲ್‌ಮಂಡಿಗೆ ಬಂದಿರುವ ಆಪತ್ತು ಬೇರೆ ಬಗೆಯದು. ವಿಶ್ವನಾಥ ಮಂದಿರದ ಕಡೆಗೆ ಅಗಲವಾದ ರಸ್ತೆ ಬೇಕೆಂದು 2025ರ ಕೊನೆಯಲ್ಲಿ ಅಲ್ಲಿನ ಕಟ್ಟಡಗಳನ್ನು ಕೆಡವುವ ಕೆಲಸ ಶುರುವಾಯಿತು. ಇಕ್ಕಟ್ಟು ಅಪಾಯಕಾರಿ ಎಂಬ ವಾದವನ್ನು ತಳ್ಳಿಹಾಕಲಾರೆ. ಆದರೆ ಅಂಗಡಿಗೆ ಪರಿಹಾರ ಕೊಡಬಹುದು, ಅಂಗಡಿ ಮತ್ತು ಗಿರಾಕಿಯ ನಡುವಿನ ಹತ್ತು ಹೆಜ್ಜೆಯ ನೆರೆಹೊರೆಗೆ ಯಾವ ಪರಿಹಾರವೂ ಇಲ್ಲ. ಕೆಲಸದ ನಡುವೆ ಎದ್ದು ಬಂದು ಉಣ್ಣುವವರಿಂದ ಬದುಕಿರುವ ಅಡುಗೆ, ಅವರು ದೂರವಾದ ದಿನವೇ ಪ್ರದರ್ಶನದ ವಸ್ತುವಾಗುತ್ತದೆ.

ಕಬಾಬಿನ ಮಾತು ಹಾಗೇ ಉಳಿಯಿತು, ಉಳಿಯಲಿ. ಅದಕ್ಕಿಂತ ದೊಡ್ಡದೊಂದು ಸಂಗತಿ ಹೇಳಬೇಕಿದೆ. ಬನಾರಸಿನ ನೇಕಾರರು ವರ್ಷಕ್ಕೊಮ್ಮೆ ‘ಅಗಹನೀ ಜುಮಾ’ ಆಚರಿಸುತ್ತಾರೆ. ಅಗಹನ್ ಎಂದರೆ ನಮ್ಮ ಮಾರ್ಗಶಿರ. ಚಾಂದ್ರಮಾನದ ಹಿಂದೂ ಮಾಸವೊಂದರ ಶುಕ್ರವಾರದಂದು ‘ಮುರ್ರಿ ಬಂದ್’, ಅಂದರೆ ಮಗ್ಗಗಳಿಗೆಲ್ಲ ರಜೆ. ಪುರಾನಾ ಪುಲ್‌ನ ಈದ್ಗಾದಲ್ಲಿ ಸಾವಿರಾರು ಜನ ಸೇರಿ ನಮಾಜು ಮಾಡುತ್ತಾರೆ. ಹಿಂದೊಮ್ಮೆ ಬರ ಬಿದ್ದು ರೈತ, ನೇಕಾರರಿಬ್ಬರೂ ಕಂಗೆಟ್ಟಾಗ ಹೀಗೆ ಪ್ರಾರ್ಥಿಸಿದರಂತೆ, ಮಳೆ ಬಂತಂತೆ, ರೈತರು ಹೊಸ ಕಬ್ಬು ತಂದರಂತೆ. ಈಗಲೂ ಆ ದಿನ ಸುತ್ತಲಿನ ಹಳ್ಳಿಗಳ ರೈತರು ಕಬ್ಬು ತಂದು ಮಾರುತ್ತಾರೆ, ನಮಾಜು ಮುಗಿಸಿದವರು ಜಲ್ಲೆ ಹೊತ್ತು ಮನೆಗೆ ಹೋಗುತ್ತಾರೆ. ಯಾವ ಅರಮನೆಯ ಬಾಣಸಿಗನೂ ಇದನ್ನು ಕಲಿಸಲಿಲ್ಲ. ಮಾಂಸ ಮುಟ್ಟದವರಿಗೂ ಇಲ್ಲಿ ಅಡ್ಡಿಯಿಲ್ಲ. ಕಾರ್ತಿಕ ಹುಣ್ಣಿಮೆಯ ದೀಪ ನೋಡಲು ಕಾಶಿಗೆ ಹೋಗುವವರು ಹಿಂದಿರುಗುವ ಟಿಕೆಟನ್ನು ಕೆಲವು ದಿನ ಮುಂದಕ್ಕೆ ಹಾಕಿಸಿ. ಉತ್ತರದವರ ಅಗಹನ್ ಆ ಹುಣ್ಣಿಮೆಯ ಮರುದಿನವೇ ಆರಂಭವಾಗುತ್ತದೆ. ಜುಮಾ ಯಾವ ಶುಕ್ರವಾರ ಎಂಬುದನ್ನು ಮದನಪುರದ ಯಾವ ಸೀರೆ ಗದ್ದಿಯಲ್ಲಿ ಕೇಳಿದರೂ ಹೇಳುತ್ತಾರೆ.