ಒಂಬತ್ತು ಗಂಟೆಯ ಹಾಡು, ನಲವತ್ತಮೂರು ನಿಮಿಷದ ಕಡತ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಊರುಗಳಲ್ಲಿ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಹಾಡಲು ಕುಳಿತರೆ ಬೆಳಗಿನ ಜಾವದವರೆಗೂ ಹಾಡುವುದುಂಟು. ಮುಖ್ಯ ಗಾಯಕರ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಪಕ್ಕದಲ್ಲಿ ಢಕ್ಕೆ, ತಾಳ ಹಾಗೂ ಸೊಲ್ಲು ಕೊಡುವ ಹಿಮ್ಮೇಳದವರು. ಇವರು ಪುಸ್ತಕ ನೋಡಿಕೊಂಡು ಹಾಡುವವರಲ್ಲ. ಆದ್ದರಿಂದ ಒಂದು ರಾತ್ರಿಯ ಹಾಡು ಇನ್ನೊಂದು ರಾತ್ರಿ ಅದೇ ರೂಪದಲ್ಲಿ ದೊರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನರಸೀಪುರ ತಾಲ್ಲೂಕಿನ ಒಂದು ಊರಿನಲ್ಲಿ ನಮ್ಮ ಭೌತಶಾಸ್ತ್ರ ವಿದ್ಯಾರ್ಥಿಗಳು ಇಂಥ ಹಾಡುಗಾರಿಕೆಯೊಂದನ್ನು ಎಂಟು ಮೈಕುಗಳಿಂದ, ಎಂಟು ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ಧ್ವನಿಮುದ್ರಣ ಮಾಡಿಕೊಂಡರು. ರಾತ್ರಿ ಒಂಬತ್ತಕ್ಕೆ ಆರಂಭ, ಬೆಳಗ್ಗೆ ಆರಕ್ಕೆ ಮುಕ್ತಾಯ. ಕಂಪ್ಯೂಟರಿನ ಪರದೆಯ ಮೇಲೆ ಕೊನೆಯವರೆಗೂ ಧ್ವನಿಯ ಅಲೆಗಳು ಮೂಡುತ್ತಲೇ ಇದ್ದವು. ಒಂದೇ ಒಂದು ಎಚ್ಚರಿಕೆಯೂ ಬರಲಿಲ್ಲ. ಮಧ್ಯಾಹ್ನ ಕಡತಗಳನ್ನು ತೆರೆದಾಗ ಎಂಟೂ ಕಡತಗಳು ತಮ್ಮ ಅವಧಿಯನ್ನು 42 ನಿಮಿಷ 54 ಸೆಕೆಂಡ್ ಎಂದು ತೋರಿಸಿದವು!

ಆ ತಂತ್ರಾಂಶ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಬಹುಚಾನೆಲ್ ಧ್ವನಿ ತಂತ್ರಾಂಶಗಳ ಗುಣದೋಷಗಳನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಆ ಘಟನೆ ಕಲಿಸಿತು. ಪ್ರತಿ ಹೊಸ ಆವೃತ್ತಿ ಬಂದಾಗಲೂ ವೇಗ ಹೆಚ್ಚಿದೆ, ಪರದೆ ಸುಂದರವಾಗಿದೆ ಎಂದು ಪ್ರಕಟಿಸುತ್ತಾರೆ. ಎರಡೂ ಬೇಕಾದವೇ. ಆದರೆ ತನ್ನಲ್ಲಿ ಏನು ತಪ್ಪಿಹೋಯಿತು, ಏನು ತಪ್ಪಲಿದೆ ಎಂಬುದನ್ನು ತಂತ್ರಾಂಶವು ಬಳಸುವವರಿಗೆ ಸಕಾಲದಲ್ಲಿ ಹೇಳುತ್ತದೆಯೇ? ಈ ಪ್ರಶ್ನೆಯನ್ನಿಟ್ಟುಕೊಂಡು ಎರಡು ಪ್ರಸಿದ್ಧ ಮುಕ್ತ ತಂತ್ರಾಂಶಗಳಾದ ಅಡಾಸಿಟಿ ಮತ್ತು ಆರ್ಡೌರ್‌ಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎಂಟು ಟ್ರ್ಯಾಕ್ ಏಕೆ?

ಇದೇ ತಿರುಮಕೂಡಲಿನ ಪಿಟೀಲು ಚೌಡಯ್ಯನವರು (1895–1967) ಧ್ವನಿವರ್ಧಕಗಳಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ತಲುಪಲೆಂದು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿಕೊಂಡರು. ಅವರ ಕಾಲದ 78 ಸುತ್ತಿನ, ಹತ್ತು ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಹಿಡಿಸುತ್ತಿತ್ತು. ಒಂಬತ್ತು ಗಂಟೆಯ ಕಾವ್ಯಕ್ಕೆ ಅಂಥ 180 ಬದಿಗಳು ಬೇಕು. ಏನು ಉಳಿಯಬೇಕು ಎಂಬುದನ್ನು ಸಂಗ್ರಹ ಮಾಧ್ಯಮವೇ ಬಹುಮಟ್ಟಿಗೆ ತೀರ್ಮಾನಿಸುತ್ತಿತ್ತು. ಈಗ ಆ ಅಡಚಣೆ ಇಲ್ಲವೆಂದು ನಾವು ಭಾವಿಸುತ್ತೇವೆ.

ನೀಲಗಾರರ ಹಾಡನ್ನು ಒಂದೇ ಮೈಕಿನಲ್ಲಿ ಹಿಡಿದರೆ ಗಗ್ಗರದ ಲೋಹದ ದನಿ ಹಲವೆಡೆ ಮಾತನ್ನು ಮುಚ್ಚಿಬಿಡುತ್ತದೆ. ಪ್ರತ್ಯೇಕ ಟ್ರ್ಯಾಕ್‌ಗಳಿದ್ದರೆ ಅನಂತರ ಗಾಯಕರ ದನಿಯನ್ನು ಏರಿಸಿ, ಗಗ್ಗರವನ್ನು ತಗ್ಗಿಸಿ ಕೇಳಬಹುದು. ಹಾಗಾದರೆ ಎಂಟು ಮೊಬೈಲುಗಳನ್ನು ಎಂಟು ಕಡೆ ಇಟ್ಟರೆ ಸಾಲದೇ? ಸಾಲದು. ಪ್ರತಿ ಸಾಧನದಲ್ಲೂ ಕಾಲವನ್ನು ಅಳೆಯುವ ಬೇರೆ ಬೇರೆ ಸ್ಫಟಿಕಗಳಿರುತ್ತವೆ. ಎರಡು ಸ್ಫಟಿಕಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಒಂಬತ್ತು ಗಂಟೆಯಲ್ಲಿ (32,400 ಸೆಕೆಂಡ್) ಅದು 0.65 ಸೆಕೆಂಡ್ ಆಗುತ್ತದೆ. ಅಷ್ಟು ಕಾಲದಲ್ಲಿ ಶಬ್ದ ಗಾಳಿಯಲ್ಲಿ 220 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅಂದರೆ ಪಕ್ಕದಲ್ಲೇ ಕುಳಿತ ಢಕ್ಕೆಯವರು ಬೆಳಗಾಗುವ ಹೊತ್ತಿಗೆ ಊರಾಚೆ ಹೋಗಿ ಕುಳಿತಂತೆ ಕೇಳಿಸುತ್ತದೆ. ಆದ್ದರಿಂದ ಒಂದೇ ಗಡಿಯಾರಕ್ಕೆ ಬದ್ಧವಾದ ಒಂದೇ ಬಹುಚಾನೆಲ್ ಸಾಧನ, ಒಂದೇ ಕಂಪ್ಯೂಟರ್ ಬೇಕಾಗುತ್ತವೆ.

ಡಿಸ್ಕ್‌ನ ಲೆಕ್ಕ

ಸೆಕೆಂಡಿಗೆ 48,000 ಮಾದರಿಗಳು, ಪ್ರತಿ ಮಾದರಿಗೆ 24 ಬಿಟ್ ಅಂದರೆ 3 ಬೈಟ್. ಒಂದು ಟ್ರ್ಯಾಕ್‌ಗೆ ಸೆಕೆಂಡಿಗೆ 1,44,000 ಬೈಟ್, ಎಂಟಕ್ಕೆ 11,52,000 ಬೈಟ್. ಹಳೆಯ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ 5 ಕೋಟಿ ಬೈಟ್ ಓದಬಲ್ಲದು. ಆದರೂ ನಂಜನಗೂಡಿನ ಒಂದು ತರಗತಿಯ ಹಳೆಯ ಕಂಪ್ಯೂಟರಿನಲ್ಲಿ ಎಂಟು ಟ್ರ್ಯಾಕ್‌ಗಳನ್ನು ಒಟ್ಟಿಗೆ ಕೇಳಿಸಿದಾಗ ದನಿ ತಡವರಿಸಿತು. ವಿದ್ಯಾರ್ಥಿಗಳು ಪ್ರೊಸೆಸರ್ ಸಾಲದೆಂದರು. ನಿಜವಾದ ಕಾರಣ ಬೇರೆ ಇತ್ತು.

ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್‌ಗೆ ಅರ್ಧ ಸುತ್ತಿಗೆ ಸುಮಾರು 4 ಮಿಲಿಸೆಕೆಂಡ್ ಬೇಕು. ಓದುವ ತಲೆ ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡ್. ಹೀಗೆ ಪ್ರತಿ ನೆಗೆತಕ್ಕೂ ಸರಾಸರಿ 13 ಮಿಲಿಸೆಕೆಂಡ್ ವ್ಯರ್ಥ. ಎಂಟು ಟ್ರ್ಯಾಕ್ ಎಂದರೆ ಎಂಟು ಕಡತಗಳು. ತಲೆ ಒಂದರಿಂದ ಒಂದಕ್ಕೆ ನೆಗೆಯುತ್ತಲೇ ಇರಬೇಕು. ಪ್ರತಿ ಬಾರಿ 4 ಕಿಲೊಬೈಟ್ ಮಾತ್ರ ಓದಿದರೆ ಸೆಕೆಂಡಿಗೆ 281 ನೆಗೆತಗಳಾಗುತ್ತವೆ. ಅವಕ್ಕೆ 3.6 ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಒಂದು ಸೆಕೆಂಡಿನ ಧ್ವನಿಯನ್ನು ಒಂದು ಸೆಕೆಂಡಿನೊಳಗೆ ಓದಿ ಮುಗಿಸಲು ಸಾಧ್ಯವೇ ಇಲ್ಲ. ಪ್ರತಿ ಬಾರಿ 64 ಕಿಲೊಬೈಟ್ ಓದಿದರೆ ಸುಮಾರು ಕಾಲು ಸೆಕೆಂಡ್ ಸಾಕು. 256 ಕಿಲೊಬೈಟ್ ಆದರೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗ. ಕಾರ್ಯಾಚರಣ ವ್ಯವಸ್ಥೆ ಮುಂಗಡವಾಗಿ ಓದಿಟ್ಟು ಸ್ವಲ್ಪ ನೆರವಾಗುತ್ತದೆ. ಆದರೆ ಮುಖ್ಯ ಹೊಣೆ ತಂತ್ರಾಂಶದ್ದೇ. ಹಾಡಿನ ಮುಂದಿನ ಒಂದೆರಡು ಸೆಕೆಂಡನ್ನು ದೊಡ್ಡ ತುತ್ತುಗಳಲ್ಲಿ ತಂದು ಸ್ಮೃತಿಯ ಬಫರ್‌ನಲ್ಲಿ ಇಟ್ಟುಕೊಳ್ಳುವುದೇ ಡಿಸ್ಕ್ ಸ್ಟ್ರೀಮಿಂಗ್‌ನ ಸಾರ.

ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ನೆಗೆತಕ್ಕೆ ಸುಮಾರು 0.1 ಮಿಲಿಸೆಕೆಂಡ್ ಸಾಕು. 281 ನೆಗೆತಗಳೂ ಸೆಕೆಂಡಿನ ಮೂರು ಶತಾಂಶದಲ್ಲಿ ಮುಗಿಯುತ್ತವೆ. ಆದ್ದರಿಂದ ಹೊಸ ಕಂಪ್ಯೂಟರಿನಲ್ಲಿ ಕಾಣುವ ವೇಗದ ಶ್ರೇಯಸ್ಸೆಲ್ಲ ತಂತ್ರಾಂಶಕ್ಕೆ ಸಲ್ಲದು. ತಂತ್ರಾಂಶ ಎಷ್ಟು ಚೆನ್ನಾಗಿದೆ ಎಂದು ತಿಳಿಯಬೇಕಾದರೆ ಅದನ್ನು ಹಳೆಯ ಡಿಸ್ಕ್‌ನ ಮೇಲೆ ಓಡಿಸಿ ನೋಡಬೇಕು.

43 ನಿಮಿಷದ ಗುಟ್ಟು

ಈಗ ನರಸೀಪುರದ ಕಡತಗಳಿಗೆ ಬರೋಣ. ಒಂಬತ್ತು ಗಂಟೆಗೆ ಪ್ರತಿ ಟ್ರ್ಯಾಕ್‌ನಲ್ಲಿ 32,400 × 1,44,000 = 466,56,00,000 ಬೈಟ್ ಇರಬೇಕು. ವೇವ್ ಕಡತದ ತಲೆಬರಹದಲ್ಲಿ ಅದರ ಗಾತ್ರವನ್ನು ಬರೆಯಲು 32 ಬಿಟ್‌ಗಳ ಸ್ಥಳ ಮಾತ್ರ ಇದೆ. ಅದರಲ್ಲಿ ಹಿಡಿಸುವುದು 2ರ 32ನೆಯ ಘಾತ, ಅಂದರೆ 429,49,67,296ರೊಳಗಿನ ಸಂಖ್ಯೆಗಳು. ಇದು 4 ಗಿಗಾಬೈಟಿನ ಮಿತಿ. ನಮ್ಮ ಲೆಕ್ಕದಲ್ಲಿ ಅದು 8 ಗಂಟೆ 17 ನಿಮಿಷ 6 ಸೆಕೆಂಡ್. ಸ್ಕೂಟರಿನ ಓಡೋಮೀಟರ್ 99,999 ಕಿಲೋಮೀಟರ್ ದಾಟಿದ ಮೇಲೆ ಸೊನ್ನೆಗೆ ಮರಳುವಂತೆ ಇಲ್ಲಿಯೂ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗಿತ್ತು. ಒಂಬತ್ತು ಗಂಟೆಯಲ್ಲಿ 8 ಗಂಟೆ 17 ನಿಮಿಷ 6 ಸೆಕೆಂಡನ್ನು ಕಳೆದರೆ ಉಳಿಯುವುದು 42 ನಿಮಿಷ 54 ಸೆಕೆಂಡ್.

ಫೋಲ್ಡರಿನ ಪಟ್ಟಿಯಲ್ಲಿ ಮಾತ್ರ ಕಡತದ ಗಾತ್ರ 466 ಕೋಟಿ ಬೈಟ್ ಎಂದೇ ಇತ್ತು. ಅಂದರೆ ಹಾಡು ಅಳಿದಿರಲಿಲ್ಲ, ಅದರ ಮೇಲಿನ ಚೀಟಿ ಮಾತ್ರ ತಪ್ಪಾಗಿತ್ತು. ಅಡಾಸಿಟಿಯಲ್ಲಿ ಕಚ್ಚಾ ದತ್ತಾಂಶವನ್ನು ಆಮದು ಮಾಡುವ ಸೌಲಭ್ಯವಿದೆ. 24 ಬಿಟ್, ಒಂದು ಚಾನೆಲ್, 48,000 ಎಂದು ನಾವೇ ತಿಳಿಸಿ ತೆರೆದೆವು. ಒಂಬತ್ತು ಗಂಟೆಯೂ ದೊರೆಯಿತು. ಕಡತ ಕೆಟ್ಟಿದೆಯೆಂದು ಜಾಗ ಮಾಡಿಕೊಳ್ಳಲು ಅಳಿಸಿಹಾಕಿದ್ದರೆ ಎಂಟು ಗಂಟೆಗೂ ಹೆಚ್ಚಿನ ಕಾವ್ಯ ಹೋಗಿಬಿಡುತ್ತಿತ್ತು. ಅಲೆಗಳನ್ನು ಅಂದವಾಗಿ ತೋರಿಸುತ್ತಿದ್ದ ಪರದೆ ಬೆಳಗ್ಗೆ ಐದೂಕಾಲರ ಸುಮಾರಿಗೆ ಒಂದು ಸಾಲಿನ ಎಚ್ಚರಿಕೆ ನೀಡಿದ್ದರೆ ಸಾಕಾಗಿತ್ತು.

ಅಡಾಸಿಟಿ

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜ್ಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಆರಂಭಿಸಿದ ಅಡಾಸಿಟಿ 2000ದಲ್ಲಿ ಬಿಡುಗಡೆಯಾಯಿತು. ಧ್ವನಿಯನ್ನು ಒಂದೇ ಉದ್ದನೆಯ ಕಡತವಾಗಿ ಇಡದೆ ಸುಮಾರು ಒಂದು ಮೆಗಾಬೈಟಿನ ತುಣುಕುಗಳಾಗಿ ಇಡುವುದು ಅವರ ಮೂಲ ಕಲ್ಪನೆ. ಮಧ್ಯದಲ್ಲಿ ಒಂದು ಸಾಲನ್ನು ತೆಗೆದರೆ ಉಳಿದ ಗಂಟೆಗಳನ್ನೆಲ್ಲ ಮತ್ತೆ ಬರೆಯಬೇಕಿಲ್ಲ. ತುಣುಕುಗಳ ಪಟ್ಟಿಯನ್ನು ತಿದ್ದಿದರೆ ಸಾಕು. ಪ್ರತಿ ತುಣುಕಿನಲ್ಲೂ 256 ಹಾಗೂ 65,536 ಮಾದರಿಗಳ ಗುಂಪಿಗೊಂದರಂತೆ ಗರಿಷ್ಠ, ಕನಿಷ್ಠ ಬೆಲೆಗಳ ಸಾರಾಂಶವಿರುತ್ತದೆ. ಒಂಬತ್ತು ಗಂಟೆಯ ಒಂದು ಟ್ರ್ಯಾಕ್‌ನಲ್ಲಿ 155 ಕೋಟಿ ಮಾದರಿಗಳಿದ್ದರೂ ಇಡೀ ರಾತ್ರಿಯ ಚಿತ್ರವನ್ನು ಸುಮಾರು 24 ಸಾವಿರ ಸಾರಾಂಶಗಳಿಂದ ಬಿಡಿಸಬಹುದು. ಪರದೆಯ ವೇಗವೂ ಡಿಸ್ಕ್‌ನ ವಿನ್ಯಾಸವೂ ಒಂದೇ ಪ್ರಶ್ನೆಯ ಎರಡು ಮುಖಗಳು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ದೋಷವೂ ಇಲ್ಲೇ ಇತ್ತು. ನಮ್ಮ ಎಂಟು ಟ್ರ್ಯಾಕ್‌ಗಳ ಒಂದು ರಾತ್ರಿಗೆ, ಅಡಾಸಿಟಿಯ ರೂಢಿಯ 32 ಬಿಟ್ ಮಾದರಿಗಳಲ್ಲಿ, ಸುಮಾರು 47 ಸಾವಿರ ಪುಟ್ಟ ಕಡತಗಳಾಗುತ್ತಿದ್ದವು. ಯೋಜನೆಯ ಕಡತವನ್ನು ಮಾತ್ರ ನಕಲು ಮಾಡಿ ಜೊತೆಯ ಫೋಲ್ಡರನ್ನು ಬಿಟ್ಟುಬಂದವರಿಗೆ ಏನೂ ಸಿಗುತ್ತಿರಲಿಲ್ಲ. 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿ ಎಲ್ಲವನ್ನೂ ಒಂದೇ ದತ್ತಸಂಚಯದ ಕಡತದೊಳಗೆ ಸೇರಿಸಿತು. ಶಾಲೆಗಳಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ರಾತ್ರಿಯ ಕಡತ ಈಗ ಸುಮಾರು 5,000 ಕೋಟಿ ಬೈಟ್ ಆಗುತ್ತದೆ. ಫ್ಯಾಟ್32 ವಿನ್ಯಾಸದ ಪೆನ್‌ಡ್ರೈವ್ 4 ಗಿಗಾಬೈಟ್ ಮೀರಿದ ಯಾವ ಕಡತವನ್ನೂ ಸ್ವೀಕರಿಸದು. ಅದನ್ನು ಮೊದಲೇ ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಂಡಿರಬೇಕು.

2022ರ 3.2 ಆವೃತ್ತಿಯಿಂದ ಮೂಲ ಧ್ವನಿಯನ್ನು ಬದಲಿಸದೆ, ಕೇಳುತ್ತಲೇ ಪರಿಣಾಮಗಳನ್ನು ಹೊಂದಿಸಬಹುದು. ಶೋಧಕಗಳ ಪಾಠಕ್ಕೆ ಇದು ಬಹಳ ಉಪಯುಕ್ತ. ಮುದ್ರಣ ಮಾಡುವಾಗ ಡಿಸ್ಕ್‌ನಲ್ಲಿ ಇನ್ನೆಷ್ಟು ಗಂಟೆಗೆ ಜಾಗವಿದೆ ಎಂದೂ ಪರದೆಯ ಕೆಳಗೆ ಕಾಣುತ್ತದೆ. ಆದರೆ 4 ಗಿಗಾಬೈಟ್ ಮೀರಿದ ವೇವ್ ಕಡತ ಸಾಧ್ಯವಿಲ್ಲ ಎಂಬ ಮಾತು ಬರುವುದು ರಾತ್ರಿ ಕಳೆದು ರಫ್ತು ಮಾಡಲು ಹೊರಟಾಗ. ಮೌನವಾಗಿ ತಪ್ಪು ಬರೆಯುವುದಕ್ಕಿಂತ ಹೀಗೆ ನಿರಾಕರಿಸುವುದು ಎಷ್ಟೋ ಮೇಲು. ಆದರೂ ಅದೇ ಮಾತನ್ನು ಆರಂಭದಲ್ಲೇ ಹೇಳಬಾರದೇಕೆ?

ಆರ್ಡೌರ್

ಪಾಲ್ ಡೇವಿಸ್ ಅವರು ಆರಂಭಿಸಿದ ಆರ್ಡೌರ್ ಮೊದಲಿನಿಂದಲೂ ಬಹುಟ್ರ್ಯಾಕ್ ಮುದ್ರಣಕ್ಕೆಂದೇ ರೂಪುಗೊಂಡದ್ದು. ಇದರಲ್ಲಿ ಧ್ವನಿಯನ್ನು ಸಂಸ್ಕರಿಸುವ ಕೆಲಸ ಒಂದು ಎಳೆಗೆ, ಡಿಸ್ಕ್‌ನೊಡನೆ ವ್ಯವಹರಿಸುವ ಕೆಲಸ ‘ಬಟ್ಲರ್’ ಎಂಬ ಇನ್ನೊಂದು ಎಳೆಗೆ. ಧ್ವನಿಯ ಎಳೆ ಎಂದೂ ಡಿಸ್ಕ್‌ಗಾಗಿ ಕಾಯುವುದಿಲ್ಲ. ಇಬ್ಬರ ನಡುವೆ ವರ್ತುಲಾಕಾರದ ಬಫರ್ ಇದೆ. ಮದುವೆ ಮನೆಯಲ್ಲಿ ಬಡಿಸುವವರು ಒಲೆಯ ಬಳಿಗೆ ಓಡದೆ, ಮಧ್ಯದ ಮೇಜಿನ ಮೇಲಿನ ಪಾತ್ರೆಯಿಂದ ತೆಗೆದುಕೊಳ್ಳುವ ಏರ್ಪಾಡಿನಂತೆ ಇದು. ಪಾತ್ರೆ ಎಷ್ಟು ಸೆಕೆಂಡಿನದಾಗಿರಬೇಕು ಎಂಬುದನ್ನು ಬಳಸುವವರೇ ನಿಗದಿಪಡಿಸಬಹುದು.

ನನಗೆ ಮುಖ್ಯವೆನಿಸಿದ ಗುಣ ಬೇರೆ. ಡಿಸ್ಕ್ ಹಿಂದೆ ಬಿದ್ದರೆ ಆರ್ಡೌರ್ ಡಿಸ್ಕ್‌ನ ಹೆಸರು ಹೇಳಿಯೇ ತಿಳಿಸುತ್ತದೆ. ಸಂಸ್ಕರಣೆ ತಡವಾದರೆ ಅದನ್ನು ‘ಎಕ್ಸ್‌ರನ್’ ಎಂದು ಬೇರೆಯಾಗಿ ಎಣಿಸುತ್ತದೆ. ಆ ಸ್ಥಳಗಳಲ್ಲಿ ಗುರುತು ಹಾಕುವ ಆಯ್ಕೆಯೂ ಇದೆ. ಅಡಾಸಿಟಿಯೂ ಮುದ್ರಣದಲ್ಲಿ ತಪ್ಪಿದ ಸ್ಥಳಗಳಿಗೆ ಚೀಟಿ ಅಂಟಿಸಬಲ್ಲದು. ಕಡತದ ಮಿತಿಯನ್ನು ಮೀರಲು ಆರ್ಡೌರ್‌ನಲ್ಲಿ 64 ಬಿಟ್ ಗಾತ್ರ ಬರೆಯುವ ಆರ್‌ಎಫ್64 ಮೊದಲಾದ ವಿನ್ಯಾಸಗಳನ್ನು ಆರಂಭದಲ್ಲೇ ಆರಿಸಿಕೊಳ್ಳಬಹುದು.

ಕೊರತೆ ಎಂದರೆ ಈ ಅಮೂಲ್ಯ ಸೌಲಭ್ಯಗಳು ಆಯ್ಕೆಗಳ ಪುಟಗಳ ಒಳಗೆ ಹುದುಗಿವೆ. ‘ಎಕ್ಸ್‌ರನ್’ ಎಂಬ ಪದದಿಂದ ಹೊಸಬರಿಗೆ ಏನೂ ತಿಳಿಯದು. ಹೆಜ್ಜೆ ಹೆಜ್ಜೆಗೂ ತಜ್ಞರನ್ನೇ ಎದುರಿಟ್ಟುಕೊಂಡು ಮಾಡಿದ ಪರದೆ ಇದು. ಹೊಸದಾಗಿ ಕಲಿಯುವ ಅಧ್ಯಾಪಕರಿಗೆ ಅಡಾಸಿಟಿಯೇ ಸುಲಭ. ಇಡೀ ರಾತ್ರಿಯ ಬಹುಚಾನೆಲ್ ಮುದ್ರಣಕ್ಕೆ ಆರ್ಡೌರ್ ಹೆಚ್ಚು ನಂಬಿಕೆಗೆ ಅರ್ಹ. ಇದು ನನ್ನ ತೀರ್ಮಾನ.

ಮಾಡಿ ನೋಡಿ

ಶಾಲಾ ಕಾಲೇಜುಗಳಲ್ಲಿ ಜಾನಪದ ಮುದ್ರಣಕ್ಕೆ ಹೊರಡುವವರು ಮೊದಲು ಮೂರು ಕೆಲಸ ಮಾಡಬೇಕು. ಒಂದು, ಬೈಟ್‌ಗಳ ಲೆಕ್ಕ ಹಾಕಿ 4 ಗಿಗಾಬೈಟ್ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ತಿಳಿಯುವುದು. 32 ಬಿಟ್ ಮಾದರಿಯಾದರೆ ಅದು 6 ಗಂಟೆ 12 ನಿಮಿಷಕ್ಕೇ ತುಂಬುತ್ತದೆ. ಎರಡು, ಕೊಠಡಿಯಲ್ಲಿ ಅಷ್ಟೇ ಟ್ರ್ಯಾಕ್‌ಗಳನ್ನಿಟ್ಟು ಇಡೀ ರಾತ್ರಿ ಖಾಲಿ ಮುದ್ರಣ ಮಾಡಿ, ಬೆಳಗ್ಗೆ ಕಡತದ ಅವಧಿಯನ್ನು ಗಡಿಯಾರದೊಡನೆ ಹೋಲಿಸುವುದು. ಮೂರು, ತಪ್ಪಿದ ಸ್ಥಳಗಳಿಗೆ ಗುರುತು ಹಾಕುವ ಆಯ್ಕೆ ಚಾಲೂ ಇದೆಯೇ ಎಂದು ನೋಡುವುದು.

ಮುಂದಿನ ವರ್ಷ ನಂಜನಗೂಡು ತಾಲ್ಲೂಕಿನ ಒಂದು ಊರಿನಲ್ಲಿ ನಾವು ಹೀಗೆಯೇ ಮಾಡಿದೆವು. ಬೆಳಗಾದಾಗ ಕಡತಗಳ ಅವಧಿ ಸರಿಯಿತ್ತು. ಆದರೆ ಎರಡು ಕಡೆ ಗುರುತು ಬಿದ್ದಿತ್ತು. ವೈಫೈ ಆರಿಸದೆ ಬಿಟ್ಟದ್ದು ನಮ್ಮದೇ ತಪ್ಪು. ಮೊದಲನೆಯ ಗುರುತು ಗಾಯಕರು ನೀರು ಕುಡಿಯಲು ನಿಲ್ಲಿಸಿದ್ದ ಹೊತ್ತಿನದು. ಎರಡನೆಯದರಲ್ಲಿ ಒಂದು ಪದದ ಅರ್ಧ ಹೋಗಿತ್ತು. ವಿದ್ಯಾರ್ಥಿಯೊಬ್ಬಳು ಅದೇ ದಿನ ಆ ಗಾಯಕರ ಮನೆಗೆ ಹೋಗಿ, ಪದವನ್ನು ಕೇಳಿ ಬರೆದುಕೊಂಡು ಬಂದಳು.