ಉಳವಿ ಸೀಮೆಯ ರೋಗಿಯೂ ಕನ್ನಡದ ಭಾಷಾಪರೀಕ್ಷೆಗಳೂ

ಪಾರ್ಶ್ವವಾಯುವಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಮಾತು ಕುಂದಿದವನ ಚಿಕಿತ್ಸೆ ಪರೀಕ್ಷೆಯಿಂದ ಮೊದಲಾಗುತ್ತದೆ. ಅವನಲ್ಲಿ ಉಳಿದದ್ದೆಷ್ಟು, ಅಳಿದದ್ದೆಷ್ಟು ಎಂಬುದನ್ನು ಅರಿಯದೆ ವಾಕ್‌ಚಿಕಿತ್ಸಕನು ಮುಂದಡಿಯಿಡಲಾರನು. ಆದರೆ ಅಳೆಯುವ ಕೊಳಗವೇ ಆ ರೋಗಿಗೆ ಹೊಂದದಿದ್ದರೆ ಅಳತೆಯಿಂದ ಫಲವೇನು? ಕನ್ನಡದಲ್ಲಿ ದೊರೆಯುವ ಪರೀಕ್ಷೆಗಳನ್ನು ಜೋಯಿಡಾ ತಾಲೂಕಿನ ಉಳವಿ ಸೀಮೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಚನ್ನಬಸವಣ್ಣನವರ ಸಮಾಧಿಯಿಂದ ಪ್ರಸಿದ್ಧವಾದ ಉಳವಿಗೆ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಧಾರವಾಡ, ಬೆಳಗಾವಿಗಳ ಚಕ್ಕಡಿಗಳು ಬರುತ್ತವೆ. ಆಗ ಅಲ್ಲಿ ಬಯಲುಸೀಮೆಯ ಕನ್ನಡ ಕೇಳಿಬರುತ್ತದೆ. ಸುತ್ತಣ ಕಾಡಿನ ಕುಣಬಿಗಳ ಮನೆಮಾತು ಕೊಂಕಣಿ. ಗೌಳಿಗಳದು ಮರಾಠಿಯ ಒಂದು ಪ್ರಭೇದ. ಶಾಲೆ ಮತ್ತು ಕಚೇರಿಗಳ ಭಾಷೆ ಕನ್ನಡ. ಒಬ್ಬನೇ ಮನುಷ್ಯನು ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವುದು ಇಲ್ಲಿ ಸಹಜ.

ಕನ್ನಡದಲ್ಲಿ ಪರೀಕ್ಷೆಗಳೇ ಇಲ್ಲವೆನ್ನುವಂತಿಲ್ಲ. ಪ್ರತಿಭಾ ಕಾರಂತರ ಭಾಷಾ ಪರೀಕ್ಷೆಯು ಧ್ವನಿ, ವಾಕ್ಯರಚನೆ, ಅರ್ಥ ಎಂಬ ಮೂರು ವಿಭಾಗಗಳಲ್ಲಿ ರೋಗಿಯ ನುಡಿಯನ್ನು ಪರಿಶೀಲಿಸುತ್ತದೆ. ಆಂಡ್ರ್ಯೂ ಕೆರ್ಟೆಸ್ ಅವರ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದ ಅಂಕಮಾನಗಳನ್ನು ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರರು 2008ರಲ್ಲಿ ಪ್ರಕಟಿಸಿದರು. ಈ ಬ್ಯಾಟರಿಯ ಒಂದು ಗುಣ ವಿಶೇಷವಾಗಿ ಗಣನೀಯ: ಅದರ ಮುಖ್ಯಾಂಕವು ಸಹಜ ಸಂಭಾಷಣೆ, ಕೇಳಿ ಅರಿಯುವುದು, ಮರುನುಡಿಯುವುದು, ಹೆಸರಿಸುವುದು ಎಂಬ ನಾಲ್ಕರಿಂದಲೇ ದೊರೆಯುತ್ತದೆ, ಓದುಬರಹ ಅದರಲ್ಲಿ ಸೇರುವುದಿಲ್ಲ. ಅಕ್ಷರ ಕಲಿಯದವನಿಗೆ ಇದರಿಂದ ಅನ್ಯಾಯ ಕಡಿಮೆ.

ತೊಡಕಿರುವುದು ಹೆಸರಿಸುವ ಭಾಗದಲ್ಲಿ. ಮೂಲದಲ್ಲಿ ಇಪ್ಪತ್ತು ವಸ್ತುಗಳಿಗೆ ತಲಾ ಮೂರರಂತೆ ಅರವತ್ತು ಅಂಕಗಳು. ಅವುಗಳಲ್ಲಿ ಕಾಗದದ ಕ್ಲಿಪ್ಪು, ಮುಳ್ಳುಚಮಚಗಳಂಥವೂ ಇವೆ. ಇಂಥವನ್ನು ಬದಲಿಸಿದ ಮಾತ್ರಕ್ಕೆ ಸಮಸ್ಯೆ ತೀರದು. ಮೈಸೂರಿನವರ ಈರುಳ್ಳಿ ಕರಾವಳಿಯಲ್ಲಿ ನೀರುಳ್ಳಿ, ಧಾರವಾಡದಲ್ಲಿ ಉಳ್ಳಾಗಡ್ಡಿ. ಅಲ್ಲಿಯ ಕಡಲೇಕಾಯಿ ಇಲ್ಲಿಯ ಶೇಂಗಾ. ಕೊಂಕಣಿಯವನು ಕಾಂದೋ ಎಂದರೆ ಅದು ಪದಲೋಪವೆ? ವಸ್ತುವನ್ನು ಗುರುತಿಸಿ ತನ್ನ ಮನೆಯ ಹೆಸರನ್ನು ತಪ್ಪದೆ ನುಡಿದವನು ಅಂಕ ಕಳೆದುಕೊಂಡರೆ, ದೋಷ ರೋಗಿಯದಲ್ಲ.

ಪದಪಟ್ಟಿಯನ್ನು ಸಡಿಲಿಸಿದರೆ ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸುವುದೆಂತು ಎಂಬ ಆಕ್ಷೇಪ ಬರಬಹುದು, ಅದು ನಿರಾಧಾರವಲ್ಲ. ಮರುನುಡಿಯುವ ಭಾಗದಲ್ಲಿ ಪದದ ಉದ್ದವೂ ಧ್ವನಿಗಳ ಕ್ಲಿಷ್ಟತೆಯೂ ಪರೀಕ್ಷೆಯ ಅಂಗವೇ ಆದುದರಿಂದ ಅಲ್ಲಿ ಮನಬಂದಂತೆ ಬದಲಿಸಲಾಗದು. ಹೆಸರಿಸುವಲ್ಲಿಯಾದರೋ ಸ್ಥಿರವಾಗಿರಬೇಕಾದುದು ವಸ್ತುವಿನ ಪರಿಚಿತತೆ. ಶಬ್ದವೊಂದೇ ಇರಬೇಕೆಂಬ ನಿರ್ಬಂಧವಲ್ಲ. ಹಲವು ನುಡಿಗಳವನ ವಿಷಯದಲ್ಲಿ ಮಿಶೆಲ್ ಪಾರಾದಿಯವರ ದ್ವಿಭಾಷಾ ಪರೀಕ್ಷೆ ತೋರಿದ ದಾರಿ ಉಚಿತವಾದುದು. ಅದು ಯಾವ ಭಾಷೆಯನ್ನು ಎಲ್ಲಿ, ಎಂದು ಕಲಿತನೆಂದು ಮೊದಲು ವಿಚಾರಿಸಿ, ಬಳಿಕ ಒಂದೊಂದು ಭಾಷೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಕನ್ನಡವೊಂದನ್ನೇ ಪರೀಕ್ಷಿಸಿದವನು, ಕೊಂಕಣಿಯಲ್ಲಿ ಇನ್ನೂ ಉಳಿದಿರುವ ಮಾತನ್ನು ಚಿಕಿತ್ಸೆಗೆ ಬಳಸುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.

ಬುದ್ಧಿಶಕ್ತಿಯ ಪರೀಕ್ಷೆಗಳ ಆಯ್ಕೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 1975ರಲ್ಲಿ ಫೋಲ್‌ಸ್ಟೈನ್ ಮತ್ತು ಸಂಗಡಿಗರು ರೂಪಿಸಿದ, ಬಹುವಾಗಿ ಬಳಕೆಯಲ್ಲಿರುವ ಮೂವತ್ತು ಅಂಕಗಳ ಪರೀಕ್ಷೆಯನ್ನು ನೋಡೋಣ. ನೂರರಿಂದ ಏಳೇಳನ್ನು ಕಳೆಯುವುದಕ್ಕೆ ಐದು. ಓದುವುದು, ಬರೆಯುವುದು, ಆಕೃತಿಯನ್ನು ನಕಲಿಸುವುದು ಇವಕ್ಕೆ ಒಂದೊಂದು. ಅಂತೂ ಎಂಟು ಅಂಕಗಳು ಶಾಲೆಯ ಅಭ್ಯಾಸವನ್ನು ಅವಲಂಬಿಸಿವೆ. ಉಳಿದವುಗಳಲ್ಲಿಯೂ ಹೆಚ್ಚಿನವಕ್ಕೆ ಬಾಯಿಮಾತಿನ ಉತ್ತರ ಬೇಕು. ಮಾತು ಕಳೆದುಕೊಂಡವನು ಇದರಲ್ಲಿ ಸೋತರೆ ಅವನ ಬುದ್ಧಿಯೇ ಕೆಟ್ಟಿತೆಂದು ತೀರ್ಮಾನಿಸುವುದು ತರ್ಕದೋಷ. ತಾರೀಖನ್ನು ಹೇಳಲಾರದ ವೃದ್ಧನು ಜಾತ್ರೆಯ ಹುಣ್ಣಿಮೆಗೆ ಎಷ್ಟು ದಿನ ಉಳಿದಿದೆಯೆಂದು ಬೆರಳೆಣಿಸಿ ತೋರಿಸಬಲ್ಲನಾದರೆ, ಅವನ ಕಾಲಜ್ಞಾನ ನಷ್ಟವಾಗಿಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಗಂಗೂಲಿ ಮತ್ತು ಸಂಗಡಿಗರು ಇದೇ ಪರೀಕ್ಷೆಯನ್ನು ಅನಕ್ಷರಸ್ಥ ಗ್ರಾಮೀಣ ವೃದ್ಧರಿಗೆ ಹೊಂದುವಂತೆ ಮಾರ್ಪಡಿಸಿ 1995ರಲ್ಲಿ ಪ್ರಕಟಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸಿದ್ಧಪಡಿಸಿದ ಪರೀಕ್ಷಾಗುಚ್ಛ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿದೆ. ಪ್ರಯತ್ನಗಳು ಸ್ತುತ್ಯವಾಗಿವೆ, ಆದರೆ ಕುಣಬಿ ಮುದುಕಿಗೆ ಕನ್ನಡದ ಗುಚ್ಛವೂ ಪರಭಾಷೆಯದೇ ಆದೀತೆಂಬುದನ್ನು ಮರೆಯಲಾಗದು.

ಇದು ಕೇವಲ ಪಂಡಿತರ ಚರ್ಚೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಿದುಳಿನ ಬೇನೆಯಿಂದಾದ ಭಾಷಾಲೋಪವನ್ನೂ ಅಂಗವೈಕಲ್ಯವೆಂದು ಪರಿಗಣಿಸಿದೆ; ಅನೇಕ ಸೌಲಭ್ಯಗಳಿಗೆ ಶೇಕಡಾ 40ರ ಮಿತಿಯಿದೆ. ತಪ್ಪಳತೆಯಿಂದ ಒಬ್ಬನು ಹಕ್ಕನ್ನು ಕಳೆದುಕೊಳ್ಳಬಹುದು. ಇನ್ನೊಬ್ಬನು ಮತಿಗೆಟ್ಟವನೆಂಬ ಹಣೆಪಟ್ಟಿ ಹೊತ್ತು, ಕಲಿಯಬಲ್ಲವನಾಗಿಯೂ ಚಿಕಿತ್ಸೆಯಿಂದ ವಂಚಿತನಾಗಬಹುದು.

ಆದುದರಿಂದ ಪರೀಕ್ಷೆಯ ಆಯ್ಕೆಗೆ ಮೊದಲು ಮೂರು ಸಂಗತಿಗಳನ್ನು ಮನೆಯವರಿಂದ ತಿಳಿಯಬೇಕು: ಬೇನೆಗೆ ಮುನ್ನ ಅವನು ಯಾವ ಯಾವ ನುಡಿಯನ್ನು ಯಾರೊಡನೆ ಆಡುತ್ತಿದ್ದನು, ಓದುಬರಹ ಎಷ್ಟು, ದಿನನಿತ್ಯದ ಕೆಲಸವೇನು. ಅನಂತರ ಪರೀಕ್ಷೆ ಯಾವ ಪ್ರಯೋಜನಕ್ಕೆ ಎಂಬುದನ್ನು ನಿರ್ಧರಿಸಬೇಕು. ಪ್ರಮಾಣಪತ್ರಕ್ಕೆ ನಿಯತ ಪರೀಕ್ಷೆ ಅವಶ್ಯಕ; ಅದರ ಅಂಕದ ಪಕ್ಕದಲ್ಲಿ ರೋಗಿಯ ಭಾಷಾಚರಿತ್ರೆಯನ್ನೂ ಬರೆದಿಡುವುದು ಯುಕ್ತ. ಚಿಕಿತ್ಸೆಯ ಯೋಜನೆಗಾದರೋ ಅಂಕಕ್ಕಿಂತ ಅವನ ಮನೆ, ಗದ್ದೆ, ಸಂತೆಗಳಲ್ಲಿ ಬೇಕಾಗುವ ಮಾತೇ ಮುಖ್ಯ. ರೋಗಿಯನ್ನು ಹೋಲಿಸಬೇಕಾದುದು ಮೊದಲು ಅವನ ನಿನ್ನೆಯೊಡನೆ, ಆಮೇಲೆ ಅನ್ಯರೊಡನೆ ಎಂಬುದು ನಮ್ಮ ಅಭಿಪ್ರಾಯ.