ಅಂಗಿಯ ಮೇಲಣ ಲಾಂಛನ: ಇಂಗ್ಲೆಂಡಿನ ಫುಟ್ಬಾಲ್ ತಂಡದ ಒಂದು ವಿವಾದದ ಪರಾಮರ್ಶೆ

೧

ರಾಷ್ಟ್ರಲಾಂಛನಗಳ ಚರಿತ್ರೆಯನ್ನು ರಾಜಮುದ್ರೆಗಳಲ್ಲಿಯೂ ನಾಣ್ಯಗಳಲ್ಲಿಯೂ ಶಾಸನಸಭೆಗಳ ನಡವಳಿಗಳಲ್ಲಿಯೂ ಹುಡುಕುವುದು ಇತಿಹಾಸಕಾರರ ವಾಡಿಕೆ. ಅದನ್ನು ಆಟದ ಬಯಲಿನಲ್ಲಿ, ಆಟಗಾರನ ಅಂಗಿಯ ಕೊರಳಪಟ್ಟಿಯಲ್ಲಿ ಹುಡುಕುವುದು ವಿದ್ವತ್ತಿಗೆ ತಕ್ಕ ಕೆಲಸವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ೨೦೨೪ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಇಂಗ್ಲೆಂಡಿನ ಫುಟ್ಬಾಲ್ ತಂಡದ ಅಂಗಿಯ ಮೇಲಿನ ಒಂದು ಪುಟ್ಟ ಶಿಲುಬೆಯ ಗುರುತು, ಆ ದೇಶದ ಪ್ರಧಾನಮಂತ್ರಿಯನ್ನೂ ವಿರೋಧಪಕ್ಷದ ನಾಯಕರನ್ನೂ ಒಂದೇ ಕಡೆಗೆ ನಿಂತು ಮಾತನಾಡುವಂತೆ ಮಾಡಿತು. ಚುನಾವಣೆ ಸಮೀಪಿಸಿದ್ದ ವರ್ಷದಲ್ಲಿ ಅಂಥ ಐಕಮತ್ಯ ಸುಲಭವಾಗಿ ಒದಗತಕ್ಕದ್ದಲ್ಲ. ಇಷ್ಟು ಜನರನ್ನು ಕೆರಳಿಸಿದ ವಸ್ತುವನ್ನು ಕ್ಷುಲ್ಲಕವೆಂದು ತಳ್ಳಿಬಿಡುವುದು ನಮಗೆ ಯುಕ್ತವಾಗಿ ಕಾಣುವುದಿಲ್ಲ. ಆ ವಿವಾದದಲ್ಲಿ ಎರಡು ಕಡೆಯವರೂ ಇತಿಹಾಸವನ್ನು ಸಾಕ್ಷಿಗೆ ಕರೆದರು. ಆ ಸಾಕ್ಷ್ಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಡೆದ ಸಂಗತಿಯನ್ನು ಹೇಳಬೇಕು. ಆ ವರ್ಷ ಜರ್ಮನಿಯಲ್ಲಿ ನಡೆಯಲಿದ್ದ ಯೂರೋಪಿನ ಪಂದ್ಯಾವಳಿಗಾಗಿ ನೈಕಿ ಎಂಬ ಅಮೆರಿಕದ ಕಂಪನಿ ಇಂಗ್ಲೆಂಡಿನ ತಂಡಕ್ಕೆ ಹೊಸ ಉಡುಪನ್ನು ಸಿದ್ಧಪಡಿಸಿತು. ಬಿಳಿಯ ಅಂಗಿಯ ಎದೆಯ ಮೇಲೆ ಮೂರು ಸಿಂಹಗಳ ಮುದ್ರೆ ಎಂದಿನಂತೆಯೇ ಇದ್ದಿತು. ಕೊರಳಪಟ್ಟಿಯ ಹಿಂಭಾಗದಲ್ಲಿ ಸಂತ ಜಾರ್ಜನ ಶಿಲುಬೆಯ ಆಕಾರವಿದ್ದಿತು. ಆದರೆ ಅದು ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆಯಾಗಿರದೆ ನೀಲಿ, ತಿಳಿನೀಲಿ ಮತ್ತು ನೇರಿಳೆ ಬಣ್ಣಗಳಿಂದ ಕೂಡಿದ್ದಿತು. ಇದು ಆ ಗುರುತಿನ ವಿನೋದಪೂರ್ಣವಾದ ಹೊಸ ರೂಪವೆಂದೂ, ಎಲ್ಲರನ್ನೂ ಒಂದುಗೂಡಿಸಿ ಹುರಿದುಂಬಿಸುವುದು ಇದರ ಉದ್ದೇಶವೆಂದೂ ಕಂಪನಿ ಸಾರಿತು. ರಾಷ್ಟ್ರಧ್ವಜಗಳೊಡನೆ ಚೆಲ್ಲಾಟ ಸಲ್ಲದು, ಅವು ಇರುವಂತೆಯೇ ಪರಿಪೂರ್ಣವಾಗಿವೆ ಎಂಬರ್ಥದ ಮಾತನ್ನು ಪ್ರಧಾನಿ ರಿಷಿ ಸುನಕ್ ಆಡಿದರು. ಧ್ವಜವು ಈಗಾಗಲೇ ಎಲ್ಲರನ್ನೂ ಕೂಡಿಸತಕ್ಕದ್ದು, ಅದನ್ನು ಬದಲಿಸುವ ಅಗತ್ಯವಿಲ್ಲ ಎಂದು ಆಗ ವಿರೋಧಪಕ್ಷದ ನಾಯಕರಾಗಿದ್ದ ಕೀರ್ ಸ್ಟಾರ್ಮರ್ ಹೇಳಿದರು. ಫುಟ್ಬಾಲ್ ಅಸೋಸಿಯೇಷನ್ ಮಾತ್ರ ಅಂಗಿಯನ್ನು ಹಿಂತೆಗೆಯಲಿಲ್ಲ. ಮಾರ್ಚಿ ೨೩ರಂದು ವೆಂಬ್ಲಿಯಲ್ಲಿ ಬ್ರೆಜಿಲಿನ ಎದುರು ತಂಡ ಆ ಉಡುಪಿನಲ್ಲಿಯೇ ಆಡಿತು.

೨

ಧ್ವಜ ‘ಇರುವಂತೆಯೇ ಪರಿಪೂರ್ಣ’ ಎಂಬ ಮಾತನ್ನು ಮೊದಲು ನೋಡೋಣ. ಈ ಮಾತಿನ ಹಿಂದೆ, ಲಾಂಛನವು ಅನಾದಿಯಿಂದ ಒಂದೇ ಅರ್ಥದಲ್ಲಿ ನಿಂತಿದೆ ಎಂಬ ಗ್ರಹಿಕೆಯಿದೆ. ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಸಂತ ಜಾರ್ಜನು ಇಂಗ್ಲೆಂಡಿನವನಲ್ಲ. ಸಂಪ್ರದಾಯವು ಅವನನ್ನು ಕಪ್ಪಡೋಸಿಯ ಪ್ರಾಂತದೊಡನೆಯೂ ಪ್ಯಾಲೆಸ್ತೀನಿನ ಲಿಡ್ಡ ಪಟ್ಟಣದೊಡನೆಯೂ ಸೇರಿಸುತ್ತದೆ. ಬಿಳಿಯ ಮೇಲಿನ ಕೆಂಪು ಶಿಲುಬೆ ಜಿನೋವಾ ನಗರದ ಪತಾಕೆಯೂ ಹೌದು. ಇಂಗ್ಲೆಂಡಿನ ಸೈನಿಕರು ಅದನ್ನು ಗುರುತಾಗಿ ಧರಿಸತೊಡಗಿದುದು ೧೩ನೆಯ ಶತಮಾನದಲ್ಲಿ. ಮೂರನೆಯ ಎಡ್ವರ್ಡನು ೧೩೪೮ರ ಸುಮಾರಿಗೆ ಗಾರ್ಟರ್ ವೀರಮಂಡಲಿಯನ್ನು ಸ್ಥಾಪಿಸಿ ಅದಕ್ಕೆ ಈ ಸಂತನನ್ನು ಆಶ್ರಯದಾತನನ್ನಾಗಿ ಮಾಡಿದ ಮೇಲೆ ಆತನಿಗೆ ರಾಜಮನ್ನಣೆ ಬಲವಾಯಿತು.

ಆದರೆ ಫುಟ್ಬಾಲಿಗೂ ಆ ಶಿಲುಬೆಗೂ ಇರುವ ನಂಟು ತೀರ ಈಚಿನದು. ೧೮೭೨ರ ನವೆಂಬರ್ ೩೦ರಂದು ಗ್ಲಾಸ್ಗೋ ನಗರದಲ್ಲಿ ಸ್ಕಾಟ್ಲೆಂಡಿನ ಎದುರು ಮೊದಲನೆಯ ಅಂತರರಾಷ್ಟ್ರೀಯ ಪಂದ್ಯವಾಡಿದಾಗ ಇಂಗ್ಲೆಂಡಿನವರ ಅಂಗಿಯ ಮೇಲಿದ್ದುದು ಸಿಂಹಗಳು. ಆ ಸಿಂಹಗಳ ಮೂಲ ೧೨ನೆಯ ಶತಮಾನದ ಕೊನೆಯಲ್ಲಿ ಒಂದನೆಯ ರಿಚರ್ಡನ ರಾಜಮುದ್ರೆಯಲ್ಲಿದೆ. ೧೯೬೬ರ ಜುಲೈ ೩೦ರಂದು ವೆಂಬ್ಲಿಯಲ್ಲಿ ಇಂಗ್ಲೆಂಡು ಪಶ್ಚಿಮ ಜರ್ಮನಿಯನ್ನು ೪–೨ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ಪ್ರೇಕ್ಷಕರ ಕೈಯಲ್ಲಿ ಹೆಚ್ಚಾಗಿ ಹಾರಾಡಿದುದು ಯೂನಿಯನ್ ಜ್ಯಾಕ್ ಧ್ವಜವೇ ಹೊರತು ಸಂತ ಜಾರ್ಜನ ಶಿಲುಬೆಯಲ್ಲ. ಆ ಪಂದ್ಯಾವಳಿಯ ಸಂಕೇತವಾಗಿದ್ದ ‘ವಿಲಿ’ ಎಂಬ ಸಿಂಹದ ಬೊಂಬೆಗೂ ಯೂನಿಯನ್ ಜ್ಯಾಕಿನ ಅಂಗಿಯನ್ನೇ ತೊಡಿಸಿದ್ದರು. ಇಂಗ್ಲೆಂಡು ಮತ್ತು ಬ್ರಿಟನ್ ಎಂಬ ಎರಡು ಹೆಸರುಗಳ ನಡುವೆ ಆ ಜನಕ್ಕೆ ಅಂದು ಹೆಚ್ಚಿನ ಅಂತರ ಕಾಣುತ್ತಿರಲಿಲ್ಲ.

ಆ ಅಂತರ ಕಂಡುದು ಮುಂದೆ. ೧೯೯೬ರ ಜೂನ್ ತಿಂಗಳಲ್ಲಿ ಯೂರೋಪಿನ ಪಂದ್ಯಾವಳಿ ಇಂಗ್ಲೆಂಡಿನಲ್ಲಿಯೇ ನಡೆದಾಗ ವೆಂಬ್ಲಿಯಲ್ಲಿ ಸ್ಕಾಟ್ಲೆಂಡು ಎದುರಾಳಿಯಾಗಿ ನಿಂತಿತು. ಎದುರಾಳಿಯ ಪತಾಕೆಯೂ ಸೇರಿರುವ ಯೂನಿಯನ್ ಜ್ಯಾಕನ್ನು ಹಿಡಿದು ಅವರನ್ನು ಎದುರಿಸುವುದು ಹೇಗೆ? ಆ ಬೇಸಿಗೆಯಲ್ಲಿ ಕೆಂಪು ಶಿಲುಬೆ ಮೈದಾನಗಳನ್ನು ತುಂಬಿತು. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಜನಮತಗಣನೆ ನಡೆಯಿತು. ೧೯೯೯ರಲ್ಲಿ ಅಲ್ಲಿ ಪ್ರತ್ಯೇಕ ಶಾಸನಸಭೆ ಕೂಡಿತು. ಬ್ರಿಟನ್ನಿನೊಳಗಿನ ಇತರ ಜನಾಂಗಗಳು ತಮ್ಮ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳತೊಡಗಿದಾಗ ಇಂಗ್ಲಿಷರಿಗೂ ತಮ್ಮದೇ ಆದ ಒಂದು ಗುರುತು ಬೇಕಾಯಿತು. ತನ್ನದೇ ಪಾರ್ಲಿಮೆಂಟಿಲ್ಲದ ಇಂಗ್ಲೆಂಡಿಗೆ ಆ ಗುರುತನ್ನು ಎತ್ತಿ ಹಿಡಿಯಲು ಒದಗಿದ ಪ್ರಧಾನ ಸ್ಥಳ ಫುಟ್ಬಾಲ್ ಮೈದಾನ.

೩

ಇಷ್ಟನ್ನು ಬಲ್ಲವರು ಒಂದು ತೀರ್ಮಾನಕ್ಕೆ ಹಾರುವುದು ಸಹಜ. ಹಾಬ್ಸ್‌ಬಾಮ್ ಮತ್ತು ರೇಂಜರ್ ಇವರು ೧೯೮೩ರಲ್ಲಿ ಸಂಪಾದಿಸಿದ, ಸಂಪ್ರದಾಯಗಳ ಕಲ್ಪನೆಯನ್ನು ಕುರಿತ ಪ್ರಬಂಧಸಂಕಲನವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳೂ ಬಲ್ಲರು. ಪ್ರಾಚೀನವೆಂದು ತೋರುವ ಅನೇಕ ಆಚರಣೆಗಳು ಈಚೆಗೆ ಕಟ್ಟಿದವೆಂದು ಅದು ತೋರಿಸಿಕೊಟ್ಟಿತು. ಆ ಗ್ರಂಥದಿಂದ ಉಪಕಾರವಾದಂತೆ, ಅದರ ಅವಸರದ ಓದಿನಿಂದ ಒಂದು ದುರಭ್ಯಾಸವೂ ಬೆಳೆದಿದೆ. ಯಾವುದಾದರೊಂದು ಲಾಂಛನ ಈಚಿನದೆಂದು ತೋರಿಸಿಬಿಟ್ಟರೆ ಅದರ ಬಗೆಗಿನ ಜನರ ಭಾವನೆಯೂ ಪೊಳ್ಳೆಂದು ಸಿದ್ಧವಾದಂತೆ ಎಂದು ಭಾವಿಸುವುದೇ ಆ ದುರಭ್ಯಾಸ. ನಮ್ಮ ಅಭಿಪ್ರಾಯದಲ್ಲಿ ಇದು ತರ್ಕದೋಷ. ಲಾಂಛನದ ಹಕ್ಕು ಅದರ ವಯಸ್ಸಿನಿಂದ ಬರತಕ್ಕದ್ದಲ್ಲ, ಬಳಕೆಯಿಂದ ಬರತಕ್ಕದ್ದು. ಮೂವತ್ತು ವರ್ಷಗಳ ಹಿಂದೆ ತಂದೆ ಹಿಡಿದ ಪತಾಕೆಯನ್ನು ಮಗ ಇಂದು ಹಿಡಿಯುತ್ತಾನೆಂದರೆ, ಆ ಮನೆಯ ಮಟ್ಟಿಗೆ ಅದೇ ಪರಂಪರೆ. ಅದು ಎಡ್ವರ್ಡನ ಕಾಲಕ್ಕೆ ಮುಟ್ಟದೆಂಬ ಕಾರಣದಿಂದ ಸುಳ್ಳಾಗುವುದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಉಡುಪಿನ ಪರವಾದ ವಾದಗಳು ದುರ್ಬಲವಾಗಿ ಕಾಣುತ್ತವೆ. ಕಂಪನಿಯ ಮೊದಲ ಮಾತು, ಇದು ಹೊಸತು ಎಂಬುದು. ಆಕ್ಷೇಪಣೆಗಳು ಎದ್ದ ಮೇಲೆ ಮುಂದಾದ ಮಾತು, ಇದು ಹಳೆಯದು ಎಂಬುದು: ೧೯೬೬ರ ವಿಜೇತರು ಅಭ್ಯಾಸದ ವೇಳೆ ತೊಡುತ್ತಿದ್ದ ಉಡುಪಿನ ಬಣ್ಣಗಳೇ ಇವು, ಆದುದರಿಂದ ಇದು ಅವರಿಗೆ ಸಲ್ಲಿಸಿದ ಗೌರವ ಎಂದು. ಒಂದೇ ವಸ್ತು ನವೀನತೆಗೂ ಪರಂಪರೆಗೂ ಏಕಕಾಲದಲ್ಲಿ ಸಾಕ್ಷಿಯಾಗಬೇಕೆಂದರೆ ಎರಡರಲ್ಲಿ ಒಂದು ಸಾಕ್ಷ್ಯ ಅನುಕೂಲಕ್ಕಾಗಿ ಹೇಳಿದ್ದೆಂದು ಶಂಕಿಸಬೇಕಾಗುತ್ತದೆ. ಅಲ್ಲದೆ ಅಭ್ಯಾಸದ ಉಡುಪಿನ ಬಣ್ಣಗಳನ್ನು ಅಂಗಿಯ ಅಂಚಿಗೆ ಕೊಟ್ಟಿದ್ದರೆ ಗೌರವ ಸಲ್ಲುತ್ತಿತ್ತು. ತೋಳಿನ ಅಂಚಿಗೆ ಆ ಬಣ್ಣಗಳನ್ನು ಕೊಟ್ಟೂ ಇದ್ದರು, ಅದನ್ನು ಯಾರೂ ಆಕ್ಷೇಪಿಸಲಿಲ್ಲ. ಅದೇ ಬಣ್ಣಗಳನ್ನು ಶಿಲುಬೆಗೆ ಬಳಿಯಲು ೧೯೬೬ರಲ್ಲಿ ಆಧಾರವಿಲ್ಲ. ಅಂದಿನ ಜನಸಮೂಹಕ್ಕೆ ಆ ಶಿಲುಬೆ ಮುಖ್ಯವೇ ಆಗಿರಲಿಲ್ಲವೆಂಬುದನ್ನು ಮೇಲೆ ಕಂಡೆವು.

ಅಸೋಸಿಯೇಷನ್ ಮುಂದಿಟ್ಟ ಪೂರ್ವನಿದರ್ಶನದ ವಾದ ಇದಕ್ಕಿಂತ ಗಟ್ಟಿಯಾದುದು. ಬೇರೆ ಬಣ್ಣದ ಶಿಲುಬೆಗಳು ಹಿಂದೆಯೂ ಇಂಗ್ಲೆಂಡಿನ ಅಂಗಿಯ ಮೇಲೆ ಬಂದಿದ್ದುವು. ೨೦೧೦ರಲ್ಲಿ ಪೀಟರ್ ಸ್ಯಾವಿಲ್ ಎಂಬ ಕಲಾವಿದನು ರೂಪಿಸಿದ ಅಂಗಿಯ ಹೆಗಲ ಮೇಲೆ ಹಲವು ಬಣ್ಣದ ಕಿರುಶಿಲುಬೆಗಳಿದ್ದುವು. ಆದರೆ ಎರಡಕ್ಕೂ ಭೇದವುಂಟು. ಅಲ್ಲಿ ಶಿಲುಬೆಗಳು ಸೀರೆಯ ಮೈಮೇಲಿನ ಬುಟ್ಟಾಗಳಂತೆ ಹರಡಿದ ಅಲಂಕಾರ. ಇಲ್ಲಿ ಧ್ವಜಕ್ಕೆ ಸಲ್ಲುವ ಸ್ಥಾನದಲ್ಲಿ ಒಂಟಿಯಾಗಿ ನಿಲ್ಲಿಸಿ, ಧ್ವಜದ ಹೊಸ ರೂಪವೆಂದು ಬಾಯಿಬಿಟ್ಟು ಹೇಳಿದ ಲಾಂಛನ. ಕೆಂಪು ಶಿಲುಬೆ ಬಿಳಿಯ ನೆಲದ ಮೇಲಿರದಿದ್ದರೆ ಅದು ಸಂತ ಜಾರ್ಜನ ಶಿಲುಬೆಯೇ ಅಲ್ಲ, ಅಂಗಿಯ ಮೇಲೆ ಇರಲೇಬೇಕಾದುದು ಮೂರು ಸಿಂಹಗಳು ಎಂಬರ್ಥದಲ್ಲಿ ಅಂದಿನ ತರಬೇತುದಾರ ಗ್ಯಾರೆತ್ ಸೌತ್‌ಗೇಟ್ ಹೇಳಿದ ಮಾತು ಈ ಭೇದವನ್ನು ಸರಿಯಾಗಿ ಹಿಡಿಯುತ್ತದೆ. ಕಂಪನಿ ಅದನ್ನು ಕೇವಲ ಅಲಂಕಾರವೆಂದಿದ್ದರೆ ವಿವಾದ ಇಷ್ಟು ಬೆಳೆಯುತ್ತಿರಲಿಲ್ಲವೆಂದು ತೋರುತ್ತದೆ.

ಇನ್ನು ‘ಒಂದುಗೂಡಿಸುವ’ ಉದ್ದೇಶ. ನಮ್ಮ ಮಟ್ಟಿಗೆ ವಿವಾದದ ಮರ್ಮ ಇಲ್ಲಿದೆ. ವರ್ಣದ್ವೇಷವನ್ನು ಸಾರುವ ಗುಂಪುಗಳು ಈ ಶಿಲುಬೆಯನ್ನು ತಮ್ಮದಾಗಿಸಿಕೊಳ್ಳಲು ಹವಣಿಸಿದ್ದುಂಟು. ಆದುದರಿಂದ ಅದನ್ನು ಕಂಡು ಅಳುಕುವವರೂ ಇದ್ದರು. ೨೦೧೪ರಲ್ಲಿ ರಾಚೆಸ್ಟರಿನ ಒಂದು ಮನೆಯ ಮುಂದೆ ತೂಗಿದ್ದ ಈ ಪತಾಕೆಗಳ ಚಿತ್ರವನ್ನು ಪ್ರಕಟಿಸಿ, ಸಾಮಾನ್ಯ ಜನರನ್ನು ಹೀಯಾಳಿಸಿದರೆಂಬ ಆಪಾದನೆಗೆ ಗುರಿಯಾದ ಎಮಿಲಿ ಥಾರ್ನ್‌ಬೆರಿ ತಮ್ಮ ಪಕ್ಷದ ಹೊಣೆಗಾರಿಕೆಯ ಸ್ಥಾನವನ್ನು ಬಿಡಬೇಕಾಯಿತು. ಅಳುಕಿಗೂ ಹೆಮ್ಮೆಗೂ ನಡುವೆ ತೂಗಾಡುತ್ತಿದ್ದ ಆ ಗುರುತನ್ನು ಎಲ್ಲರ ಸ್ವತ್ತನ್ನಾಗಿ ಮಾಡುವ ಕೆಲಸದಲ್ಲಿ ಫುಟ್ಬಾಲಿನ ಪಾಲು ದೊಡ್ಡದು. ಏಕೆಂದರೆ ಅದನ್ನು ಬೀಸಿದವರು ಕೊಂಡಾಡಿದ ತಂಡದಲ್ಲಿ ಆಫ್ರಿಕ ಮತ್ತು ಕ್ಯಾರಿಬಿಯನ್ ಮೂಲದ ಆಟಗಾರರೂ ಇದ್ದರು. ಕೆಲಸ ಮುಗಿದಿರಲಿಲ್ಲವೆಂಬುದಕ್ಕೆ ೨೦೨೧ರ ಅಂತಿಮ ಪಂದ್ಯದ ತರುವಾಯ ರ್‍ಯಾಷ್‌ಫರ್ಡ್, ಸ್ಯಾಂಚೋ, ಸಾಕಾ ಎಂಬ ಮೂವರು ಆಟಗಾರರು ಕೇಳಬೇಕಾಗಿ ಬಂದ ವರ್ಣನಿಂದೆಯೇ ಸಾಕ್ಷಿ. ಇಂಥ ಸ್ಥಿತಿಯಲ್ಲಿ, ಒಂದುಗೂಡಿಸುವುದಕ್ಕಾಗಿ ಬಣ್ಣ ಬದಲಿಸಿದೆವು ಎನ್ನುವುದು, ಇದ್ದ ಬಣ್ಣ ಒಂದುಗೂಡಿಸಲಾರದು ಎಂದು ಹೇಳಿದಂತಾಗುತ್ತದೆ. ಜನರ ಮನಸ್ಸು ನೊಂದುದು ನೇರಿಳೆಯನ್ನು ಕಂಡಲ್ಲ, ಈ ಧ್ವನಿಯನ್ನು ಕೇಳಿ. ಅದೂ ೧೨೪ ಪೌಂಡ್ ೯೯ ಪೆನ್ಸಿಗೆ ಅಂಗಿಯನ್ನು ಮಾರುತ್ತಿದ್ದವರ ಬಾಯಿಂದ.

ಆದರೆ ರಾಜಕಾರಣಿಗಳ ಕೋಪಕ್ಕೂ ಒಂದು ಮಿತಿಯನ್ನು ತೋರಿಸಬೇಕು. ರಾಷ್ಟ್ರತಂಡದ ಅಂಗಿ ವ್ಯಾಪಾರದ ಸರಕಾದುದು ೨೦೨೪ರಲ್ಲಲ್ಲ. ೧೯೭೪ರಲ್ಲಿ ಅಡ್ಮಿರಲ್ ಎಂಬ ಕಂಪನಿಯೊಡನೆ ಒಪ್ಪಂದವಾದಂದಿನಿಂದ ಆ ಅಂಗಿ ಅಂಗಡಿಯಲ್ಲಿ ಬಿಕರಿಯಾಗುತ್ತ ಬಂದಿದೆ. ವ್ಯಾಪಾರವನ್ನು ಐವತ್ತು ವರ್ಷ ಒಪ್ಪಿಕೊಂಡು, ಅದರ ಒಂದು ಫಲ ಕಂಡೊಡನೆ ಬೆಚ್ಚಿಬೀಳುವುದು ದೂರದೃಷ್ಟಿಯಲ್ಲ.

೪

ಈ ವಿವಾದವನ್ನು ಇನ್ನೆರಡು ಉದಾಹರಣೆಗಳ ಪಕ್ಕದಲ್ಲಿಟ್ಟರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ೨೦೧೧ರ ನವೆಂಬರಿನಲ್ಲಿ ಪೋಲೆಂಡಿನ ಫುಟ್ಬಾಲ್ ಸಂಘ ತಂಡದ ಅಂಗಿಯಿಂದ ಬಿಳಿಯ ಹದ್ದಿನ ರಾಷ್ಟ್ರಲಾಂಛನವನ್ನು ತೆಗೆದು ತನ್ನ ಸಂಘದ ಗುರುತನ್ನು ಇರಿಸಿತು. ಅದೇ ತಿಂಗಳ ೧೧ರಂದು, ಎಂದರೆ ೧೯೧೮ರ ಸ್ವಾತಂತ್ರ್ಯವನ್ನು ನೆನೆಯುವ ದಿನದಂದೇ, ವ್ರೊತ್ಸ್ವಾಫ್ ನಗರದಲ್ಲಿ ತಂಡ ಇಟಲಿಯ ಎದುರು ಆಡಿತು. ೧೭೯೫ರಿಂದ ೧೯೧೮ರವರೆಗೆ ಭೂಪಟದಲ್ಲಿ ರಾಜ್ಯವೇ ಇಲ್ಲದಿದ್ದ ಜನಕ್ಕೆ ಆ ಹದ್ದು ರಾಜ್ಯದ ಸ್ಥಾನದಲ್ಲಿ ಉಳಿದಿದ್ದ ವಸ್ತು. ಪ್ರತಿಭಟನೆ ಹಬ್ಬಿತು, ಸಂಘ ಮಣಿದು ಹದ್ದನ್ನು ಮರಳಿಸಿತು. ಇಲ್ಲಿಯೂ ಲಾಂಛನ ಅಚಲವಾಗಿರಲಿಲ್ಲ. ಕಮ್ಯುನಿಸ್ಟ್ ಆಡಳಿತ ಹದ್ದಿನ ಕಿರೀಟವನ್ನು ತೆಗೆಸಿತ್ತು. ಅದು ಮರಳಿ ಬಂದುದು ಆ ಆಡಳಿತ ಕುಸಿದ ಮೇಲೆ, ೧೯೯೦ರಲ್ಲಿ. ಆದರೂ ೧೯೭೪ರಲ್ಲಿ ವಿಶ್ವಕಪ್ಪಿನ ಮೂರನೆಯ ಸ್ಥಾನವನ್ನು ಗಳಿಸಿದ ತಂಡವನ್ನು, ಅದರ ಹದ್ದಿಗೆ ಕಿರೀಟವಿರಲಿಲ್ಲವೆಂದು ಪೋಲಿಷರು ತಮ್ಮದಲ್ಲವೆನ್ನಲಿಲ್ಲ. ರೂಪ ಬದಲಾದರೂ ಬಳಕೆಯ ಎಳೆ ಕಡಿಯಲಿಲ್ಲ. ೨೦೧೧ರಲ್ಲಿ ಕಡಿಯಹೊರಟದ್ದು ಆ ಎಳೆಯನ್ನು.

ಉಕ್ರೇನಿನ ವಿಷಯ ಬೇರೆ ಬಗೆಯದು. ೨೦೨೧ರ ಜೂನಿನಲ್ಲಿ ಅಲ್ಲಿಯ ಸಂಘ ಕ್ರಿಮಿಯವನ್ನೊಳಗೊಂಡ ದೇಶದ ನಕಾಶೆಯನ್ನು ಅಂಗಿಯ ಮೇಲೆ ಚಿತ್ರಿಸಿ, ಹೊರಗೆ ಉಕ್ರೇನಿಗೆ ಜಯವೆಂಬ ಘೋಷಣೆಯನ್ನೂ ಕೊರಳ ಒಳಭಾಗದಲ್ಲಿ ವೀರರಿಗೆ ಜಯವೆಂಬ ಘೋಷಣೆಯನ್ನೂ ಬರೆಸಿತು. ರಷ್ಯ ಆಕ್ಷೇಪಿಸಿತು. ಯೂರೋಪಿನ ಫುಟ್ಬಾಲ್ ಒಕ್ಕೂಟ ನಕಾಶೆಯನ್ನೂ ಹೊರಗಿನ ಘೋಷಣೆಯನ್ನೂ ಒಪ್ಪಿ, ಎರಡು ಘೋಷಣೆಗಳು ಕೂಡಿದಾಗ ರಾಜಕೀಯಾರ್ಥ ಬರುವುದೆಂದು ಒಳಗಿನದನ್ನು ತೆಗೆಯಹೇಳಿತು. ಇಲ್ಲಿ ಜನರಿಗೂ ಸಂಘಕ್ಕೂ ಕಲಹವಿರಲಿಲ್ಲ, ತೀರ್ಪು ಹೊರಗಿನವರದು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಶಾಸನ ಉತ್ತರ ಕೊಟ್ಟಿದೆ. ರಾಷ್ಟ್ರಗೌರವಕ್ಕೆ ಅಪಮಾನವನ್ನು ತಡೆಯುವ ೧೯೭೧ರ ಕಾಯಿದೆಯನ್ನು ೨೦೦೫ರಲ್ಲಿ ತಿದ್ದುಪಡಿ ಮಾಡಿ, ಉಡುಪಿನಲ್ಲಿ ರಾಷ್ಟ್ರಧ್ವಜವನ್ನು ಸೊಂಟದ ಕೆಳಗೆ ಬಳಸಕೂಡದೆಂದು ವಿಧಿಸಲಾಯಿತು. ಆಟಗಾರರ ಸಮವಸ್ತ್ರಕ್ಕೂ ಇದು ಅನ್ವಯಿಸುತ್ತದೆ. ಇಂಗ್ಲೆಂಡಿನಲ್ಲಿ ಅಂಥ ಕಾಯಿದೆಯಿಲ್ಲ. ಆದುದರಿಂದಲೇ ಅಲ್ಲಿ ಪ್ರಶ್ನೆ ಬರಿಯದಾಗಿ ಕಾಣುತ್ತದೆ: ಲಾಂಛನದ ಒಡೆಯರು ಯಾರು?

೫

ನಮ್ಮ ತೀರ್ಮಾನ ಹೀಗಿದೆ. ಲಾಂಛನ ಬದಲಾಗಬಾರದೆಂಬ ವಾದವನ್ನು ಇತಿಹಾಸ ಒಪ್ಪುವುದಿಲ್ಲ. ಅದು ಬದಲಾಗುತ್ತಲೇ ಬಂದಿದೆ. ಆದರೆ ಬದಲಾವಣೆಗಳಲ್ಲಿ ಎರಡು ಬಗೆಯುಂಟು. ೧೯೯೬ರಲ್ಲಿ ಇಂಗ್ಲೆಂಡಿನ ಪ್ರೇಕ್ಷಕರು ಒಂದು ಧ್ವಜವನ್ನು ಬಿಟ್ಟು ಇನ್ನೊಂದನ್ನು ಹಿಡಿದುದು ಬಳಸುವವರೇ ಮಾಡಿದ ಬದಲಾವಣೆ. ಅದಕ್ಕೆ ಅಪ್ಪಣೆ ಕೊಟ್ಟವರಿಲ್ಲ, ಅದನ್ನು ಆಕ್ಷೇಪಿಸಿ ಗದ್ದಲವೆದ್ದುದೂ ಇಲ್ಲ. ೨೦೨೪ರದು ಬಳಸುವವರನ್ನು ಕೇಳದೆ ಮಾರುವವರು ಮಾಡಿದುದು. ವಿವಾದ ಹುಟ್ಟುವುದು ಈ ಎರಡನೆಯ ಬಗೆಯಲ್ಲಿ. ಜನರು ತಮ್ಮ ಹಕ್ಕನ್ನು ಹೇಳಲು ಬೇರೆ ಮಾತು ತೋಚದೆ ಪ್ರಾಚೀನತೆಯ ಮಾತನ್ನು ಆಡುತ್ತಾರೆ. ಆ ಮಾತು ತಪ್ಪಾದರೂ ಅದರ ಹಿಂದಿನ ಹಕ್ಕು ತಪ್ಪಲ್ಲ.

ಈ ಹಕ್ಕಿಗೆ ಅಪಾಯವೂ ಉಂಟು. ಬಳಸುವವರೇ ಒಡೆಯರೆಂದಾಗ, ಬಳಸುವವರಲ್ಲಿ ಯಾರು ಸೇರಿದ್ದಾರೆ ಎಂಬ ಪ್ರಶ್ನೆ ಏಳುತ್ತದೆ. ೨೦೨೫ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಹಲವು ಊರುಗಳ ದೀಪಕಂಬಗಳ ಮೇಲೆ ಇದೇ ಕೆಂಪು ಶಿಲುಬೆಯ ಪತಾಕೆಗಳನ್ನು ಕಟ್ಟಿದಾಗ ಕೆಲವರು ಅದನ್ನು ದೇಶಾಭಿಮಾನವೆಂದರು, ಕೆಲವರು ವಲಸೆ ಬಂದವರಿಗೆ ಹಾಕಿದ ಬೆದರಿಕೆಯೆಂದರು. ಕೊರಳಪಟ್ಟಿಯ ಮೇಲೆ ಎದ್ದ ಪ್ರಶ್ನೆ ಬೀದಿಗೆ ಇಳಿಯಿತು. ಇದನ್ನು ಬಣ್ಣ ಬದಲಿಸಿ ಪರಿಹರಿಸಲು ಕಂಪನಿಗೆ ಸಾಧ್ಯವಿರಲಿಲ್ಲ. ಬಣ್ಣ ಬದಲಿಸಬಾರದೆಂದು ಹೇಳಿ ಪರಿಹರಿಸಲು ಮಂತ್ರಿಗಳಿಗೂ ಸಾಧ್ಯವಿಲ್ಲ.

ಇತಿಹಾಸದ ಅಧ್ಯಾಪಕರಿಗೆ ಇದರಲ್ಲಿ ಒಂದು ಪಾಠವಿದೆ. ಸಂಪ್ರದಾಯದ ವಯಸ್ಸನ್ನು ಸರಿಯಾಗಿ ಎಣಿಸಿ ಹೇಳುವುದು ನಮ್ಮ ಕರ್ತವ್ಯ. ಆ ಕರ್ತವ್ಯ ಅಲ್ಲಿಗೇ ಮುಗಿಯುವುದಿಲ್ಲ. ಇಷ್ಟು ಎಳೆಯ ಸಂಪ್ರದಾಯ ಇಷ್ಟು ಆಳವಾಗಿ ಬೇರುಬಿಟ್ಟುದು ಹೇಗೆ, ಯಾರ ನೆಲದಲ್ಲಿ, ಯಾರನ್ನು ಹೊರಗಿಟ್ಟು ಎಂದು ಕೇಳುವುದು ಅದರ ಮುಂದಿನ ಭಾಗ. ವಿದ್ಯಾರ್ಥಿಗಳು ಇಂಥ ವಿವಾದಗಳನ್ನು ಓದುವಾಗ ಮೊದಲ ಭಾಗಕ್ಕೆ ನಿಂತುಬಿಡದೆ ಈ ಎರಡನೆಯ ಭಾಗಕ್ಕೂ ಗಮನ ಕೊಡಬೇಕೆಂಬುದು ನಮ್ಮ ಆಶಯ.